ಹಿತ್ತಲ ಅಡುಗೆಮನೆ

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯಲ್ಲಿ ಹೊರಟವರಿಗೆ ನೆಲಮಂಗಲ ತಲುಪುವ ಮೊದಲೇ ಮಾಕಳಿ ಎಂಬ ಊರು ಸಿಗುತ್ತದೆ. ನಗರವು ಈಗ ಈ ಊರಿನ ಬಾಗಿಲಿಗೇ ಬಂದು ನಿಂತಿದೆ. ಮನೆಯೊಳಗೆ ಅನಿಲದ ಒಲೆಯೂ ಬಂದಿದೆ. ಆದರೂ ಇಂಥ ಊರುಗಳಲ್ಲಿ ಹೊಲ ತೋಟಗಳ ನಡುವೆ ವಾಸಿಸುವ ರೈತ ಕುಟುಂಬಗಳು ಸೌದೆಯ ಒಲೆಯನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. ಹಂಡೆಯಲ್ಲಿ ಸ್ನಾನದ ನೀರು ಕಾಯಬೇಕು. ಹಬ್ಬಕ್ಕೆ ಬಂದ ನೆಂಟರಿಷ್ಟರಿಗೆ ದೊಡ್ಡ ಪಾತ್ರೆಯಲ್ಲಿ ಬೇಳೆ ಬೇಯಬೇಕು. ಹತ್ತಾರು ಆಳುಗಳಿಗೆ ಮುದ್ದೆಯಾಗಬೇಕು. ಇದಕ್ಕೆಲ್ಲ ಹಿತ್ತಲಿನಲ್ಲಿ ಒಂದು ಅಡುಗೆಮನೆ ಇದ್ದರೆ ಅನುಕೂಲ. ಮೂರು ಕಲ್ಲು ಹೂಡಿ ಮೇಲೊಂದು ಮಾಡು ಇಳಿಸಿದರೆ ಸಾಕೆಂದು ನೋಡುವವರಿಗೆ ತೋರಬಹುದು.

ಹಾಗೆ ಕಟ್ಟಿದವರಿಗೆ ಮೊದಲ ಗಾಳಿಯಲ್ಲೇ ತೊಡಕು ತಿಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಒಲೆ ಹೂಡಿದರೆ ಹೊಗೆ ಒಳಗೇ ಉಳಿಯುತ್ತದೆ. ಊದುಕೊಳವೆ ಹಿಡಿದು ಕಣ್ಣೀರು ಒರೆಸಿಕೊಳ್ಳುತ್ತ ಕುಳಿತ ಅಜ್ಜಿಯನ್ನು ಕಾಣದ ಹಳ್ಳಿಯೇ ನಮ್ಮಲ್ಲಿ ಇರಲಿಲ್ಲ. ಅದು ಕಣ್ಣೀರಿನಲ್ಲಿ ಮುಗಿಯುವ ಮಾತೂ ಅಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯನ್ನು ಬಯಲಿಗೆ ತಂದರೆ ಹೊಗೆಯೇನೋ ಹೋಗುತ್ತದೆ. ಅದರ ಜೊತೆಗೆ ಕಾವೂ ಹಾರಿಹೋಗುತ್ತದೆ. ಗಾಳಿ ಉರಿಯನ್ನು ಪಾತ್ರೆಯ ತಳದಿಂದ ಪಕ್ಕಕ್ಕೆ ತಳ್ಳುತ್ತದೆ, ಸೌದೆ ಎರಡು ಪಟ್ಟು ಬೇಕಾಗುತ್ತದೆ. ಹೊಗೆಯನ್ನು ಕಳುಹಿಸಿ ಕಾವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಆದುದರಿಂದ ಮೊದಲು ನೋಡಬೇಕಾದುದು ಗಾಳಿಯ ದಿಕ್ಕು. ಬೆಂಗಳೂರಿನ ಸುತ್ತಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಅಡುಗೆಮನೆ ಆಗ್ನೇಯ ಮೂಲೆಯಲ್ಲಿರಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಳೆಗಾಲದ ಮಟ್ಟಿಗೆ ಅದು ಸರಿಯಾಗಿಯೇ ಇದೆ, ಹೊಗೆ ಮನೆಯಿಂದ ಆಚೆಗೆ ಸಾಗುತ್ತದೆ. ಮಾಗಿಯಲ್ಲಿ ಮಾತ್ರ ಅದೇ ಹೊಗೆ ಮನೆಯ ಕಡೆಗೆ ತಿರುಗುತ್ತದೆ. ಮನೆಯ ತೆಂಕಣ ಅಥವಾ ಬಡಗಣ ಪಕ್ಕಕ್ಕೆ ಅಡುಗೆಮನೆಯನ್ನು ಸರಿಸಿ, ಪೂರ್ವ ಪಶ್ಚಿಮಗಳಲ್ಲಿ ಗೋಡೆಯೆಬ್ಬಿಸಿ, ಉಳಿದೆರಡು ಕಡೆ ತೆರೆದಿಟ್ಟರೆ ಎರಡು ಕಾಲಕ್ಕೂ ಹೊಂದುತ್ತದೆ. ಹುಲ್ಲಿನ ಮೆದೆ ಕಿಡಿ ಹಾರಿದರೂ ಮುಟ್ಟದಷ್ಟು ದೂರದಲ್ಲಿರಬೇಕು. ನೀರಿನ ತೊಟ್ಟಿ ಮಾತ್ರ ಕೈಗೆಟುಕುವಂತಿರಲಿ.

ಗೋಡೆಗೆ ಈ ಸೀಮೆಯಲ್ಲಿ ಕಲ್ಲುಚಪ್ಪಡಿ ಯಥೇಚ್ಛವಾಗಿ ಸಿಗುತ್ತದೆ. ನಿಲ್ಲಿಸಿದರೆ ಗಟ್ಟಿ, ಮಳೆಗೆ ಜಗ್ಗುವುದಿಲ್ಲ. ಆದರೆ ಅದೇ ಕಲ್ಲನ್ನು ಒಲೆಯ ಒಳಗೋಡೆಗೆ ಬಳಸಬಾರದು. ಬೆಂಗಳೂರಿನ ಸುತ್ತಲಿನ ಕಲ್ಲುಗಣಿಗಳಲ್ಲಿ ಹಿಂದೆ ಬಂಡೆಯ ಮೇಲೆ ಸೌದೆಯ ಬೆಂಕಿ ಹೂಡಿ, ಅದರ ಕಾವಿನಿಂದಲೇ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಬಂಡೆಯನ್ನೇ ಸೀಳುವ ಬೆಂಕಿಯ ಮುಂದೆ ಒಲೆಯ ಕಲ್ಲು ಎಷ್ಟು ದಿನ ತಡೆದೀತು? ಉರಿ ತಾಗುವ ಕಡೆ ಸುಟ್ಟ ಇಟ್ಟಿಗೆ, ಅದರ ಮೇಲೆ ಹೊಟ್ಟು ಸಗಣಿಗಳನ್ನು ಬೆರೆಸಿ ತುಳಿದ ಜೇಡಿಮಣ್ಣಿನ ಮೆತ್ತಿಗೆ ಆಗಬೇಕು.

ಒಲೆಯ ವಿಷಯದಲ್ಲಿ ಮಾಕಳಿಗೆ ದೂರವಲ್ಲದ ಒಂದು ವಿದ್ಯಾಸಂಸ್ಥೆಯ ಕೆಲಸ ನೆನೆಯತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ತಂಡ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಬಾಳಿಗೆ ಒದಗಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದು ತನ್ನ ಕೇಂದ್ರವನ್ನು ತೆರೆಯಿತು. ಈ ತಂಡದವರು ಸೌದೆಯ ಒಲೆಯನ್ನು ಕೂಡ ಅಳೆದು ನೋಡಿದರು. ಹಳೆಯ ಒಲೆಯಲ್ಲಿ ಸೌದೆಯ ಕಾವಿನ ಹತ್ತರಲ್ಲಿ ಒಂದು ಪಾಲಷ್ಟೇ ಪಾತ್ರೆಗೆ ಸೇರುತ್ತಿತ್ತು. ಹೊಗೆಯೆಂಬುದು ಉರಿಯದೆ ಉಳಿದ ಸೌದೆಯೇ. ಗಾಳಿ ಸಾಲದೆ ಸೌದೆ ಅರೆಬೆಂದು ಮೇಲೇರಿದರೆ ಅದು ಕಪ್ಪಾಗಿ ಕಾಣುತ್ತದೆ. ಆದುದರಿಂದ ಅವರ ಒಲೆಯಲ್ಲಿ ಸೌದೆಯು ಕಬ್ಬಿಣದ ಜಾಲರಿಯ ಮೇಲೆ ಕೂತಿತು. ಗಾಳಿ ಕೆಳಗಿನಿಂದ ಹಾಯುವಂತೆ, ಬೂದಿ ಕೆಳಗೆ ಬೀಳುವಂತೆ ಆಯಿತು. ಸೌದೆ ಇಡುವ ಬಾಯಿಗೆ ಮುಚ್ಚಳ ಬಂದಿತು. ಒಂದು ಪಾತ್ರೆಯ ತಳ ಮುಟ್ಟಿದ ಬಿಸಿಗಾಳಿ ಇನ್ನೆರಡು ಪಾತ್ರೆಗಳ ಅಡಿಯಲ್ಲಿ ಹಾದು, ಕೊನೆಗೆ ಕೊಳವೆಯಲ್ಲಿ ಮಾಡಿನ ಮೇಲಕ್ಕೆ ಏರುತ್ತಿತ್ತು. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ‘ಅಸ್ತ್ರ ಒಲೆ’ ಎಂದು ಹೆಸರಾದ ಇದರಲ್ಲಿ, ಪರೀಕ್ಷೆಯಲ್ಲಿ ನೂರಕ್ಕೆ 30ಕ್ಕೂ ಮಿಗಿಲಾದ ಕಾವು ಪಾತ್ರೆಗೆ ದಕ್ಕಿತು.

ಇಂಥ ಸುಧಾರಿತ ಒಲೆಗಳನ್ನು ಹರಡಲು ಸರ್ಕಾರವೇ 1980ರ ದಶಕದಿಂದ 2002ರವರೆಗೆ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿತು. ಆದರೂ ದೇಶದ ಹಲವೆಡೆ ಅವು ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿದ್ದವು. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೂ ಯಾರೂ ತೆಗೆಯಲಿಲ್ಲ. ಮನೆಯ ಪಾತ್ರೆಗೂ ಒಲೆಯ ಕಣ್ಣಿಗೂ ಅಳತೆ ಕೂಡಲಿಲ್ಲ. ಪಾತ್ರೆ ಸರಿಯಾಗಿ ಕೂರದೆ ಸಂದು ಬಿಟ್ಟರೆ ಹೊಗೆ ಅಲ್ಲಿಂದಲೇ ಹೊರಳುತ್ತದೆ. ಒಲೆಯ ತಪ್ಪು ಎನ್ನುವುದು ಪೂರ್ತಿ ನ್ಯಾಯವಲ್ಲ. ಅಡುಗೆ ಮಾಡುವ ಹೆಂಗಸರನ್ನು ಮುಂಚೆ ಕೇಳದೆ ಕಟ್ಟಿದವರ ತಪ್ಪೂ ಅದರಲ್ಲಿ ಸೇರಿದೆ.

ಕೇಳಿದ್ದರೆ ಅವರು ಮುದ್ದೆಯ ಮಾತನ್ನೂ ಹೇಳುತ್ತಿದ್ದರು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲನ್ನು ಕಾಲಿನಿಂದ ಅದುಮಿ ಹಿಡಿದು, ಎರಡೂ ಕೈಗಳ ಬಲದಿಂದ ಕೋಲಿನಲ್ಲಿ ತೊಳಸಬೇಕು. ಎತ್ತರದ ಕಟ್ಟೆಯ ಮೇಲಿನಿಂದ ಕುದಿಯುವ ಪಾತ್ರೆಯನ್ನು ಇಳಿಸುವುದು ಅಪಾಯ. ಒಲೆ ತಗ್ಗಿನಲ್ಲಿರಬೇಕು, ಪಕ್ಕದಲ್ಲಿ ತೊಳಸಲು ಗಟ್ಟಿಯಾದ, ಜಾರದ ನೆಲವಿರಬೇಕು. ಆದುದರಿಂದ ಬಲ್ಲವರು ಗಾರೆಯ ಕೆಲಸದವನನ್ನು ಕರೆಯುವ ಮೊದಲು ಮನೆಯ ದೊಡ್ಡ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ತಂದು, ನೆಲದ ಮೇಲಿಟ್ಟು, ಸುತ್ತ ಗೆರೆ ಎಳೆದುಕೊಳ್ಳುತ್ತಾರೆ. ಗೋಡೆ ಎಲ್ಲಿ ಬರಬೇಕೆಂಬುದು ಆ ಗೆರೆಗಳಿಂದ ತಿಳಿಯುತ್ತದೆ.

ಮೆತ್ತಿದ ಒಲೆಯನ್ನು ಕೂಡಲೇ ಹೊತ್ತಿಸಿದರೆ ಮಣ್ಣು ಬಿರಿಯುತ್ತದೆ. ನೆರಳಿನಲ್ಲಿ ಕೆಲವು ದಿನ ಆರಗೊಟ್ಟು, ಬಿರುಕುಗಳಿಗೆ ಮತ್ತೆ ಮಣ್ಣು ಸವರಿ, ಪುರಲೆಯ ಸಣ್ಣ ಉರಿಯಿಂದ ಕಾಯಿಸಬೇಕು. ಆಮೇಲೆ ಒಂದು ಬೆಳಿಗ್ಗೆ ಮನೆಯ ಹಿರಿಯಳು ಒಲೆಯನ್ನು ಸಾರಿಸಿ, ರಂಗೋಲಿ ಎಳೆದು, ಹಾಲನ್ನು ಇಡುತ್ತಾಳೆ. ಮನೆಮಂದಿ ಹಾಲು ಉಕ್ಕುವುದನ್ನು ಕಾಯುತ್ತಾರೆ. ಅವಳು ಮಾತ್ರ ಮಾಡಿನ ಮೇಲಿನ ಕೊಳವೆಯತ್ತ ತಲೆಯೆತ್ತಿ, ಹೊಗೆ ಎತ್ತ ಹೋಗುತ್ತಿದೆಯೆಂದು ನೋಡುತ್ತಿರುತ್ತಾಳೆ.