ಹುಟ್ಟಿನ ಸಡಿಲು

ಹರಿಗೋಲಿಗೆ ಚುಕ್ಕಾಣಿ ಇಲ್ಲ. ಹಿಂದು ಮುಂದು ಅನ್ನುವುದೂ ಇಲ್ಲ. ಬುಟ್ಟಿಗೆ ಎಲ್ಲಿಯ ಮೂತಿ? ಕೈಯೊಳಗಿನ ಹುಟ್ಟೇ ಅದಕ್ಕೆ ಎಂಜಿನ್ನು, ಹುಟ್ಟೇ ಚುಕ್ಕಾಣಿ. ನೀರನ್ನು ತನ್ನ ಕಡೆ ಎಳೆದುಕೊಳ್ಳಬೇಕು, ಎಳೆತದ ಕೊನೆಗೆ ಹಲಗೆಯನ್ನು ಒಂಚೂರು ಹೊರಳಿಸಬೇಕು. ಆ ಹೊರಳು ತಪ್ಪಿದರೆ ಬುಟ್ಟಿ ಬುಗುರಿಯಾಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್, ಚರ್ಮ ಹೊದಿಸಿದ ಇಂಥ ಬುಟ್ಟಿದೋಣಿಗಳು ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಓದಿದಾಗ ನನಗೆ ಸಿಟ್ಟೇ ಬಂದಿತ್ತು. ನಮ್ಮಪ್ಪನ ಹರಿಗೋಲು ಹಾಗೆ ಸುತ್ತಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ತೀರಿಕೊಂಡು ಅದು ನನ್ನ ಕೈಗೆ ಬಂದ ವರ್ಷವೇ ಸುತ್ತಿತು.

ನಮ್ಮೂರು ದೇವದುರ್ಗ ತಾಲೂಕಿನ ಕೃಷ್ಣಾ ದಂಡೆಯಲ್ಲಿದೆ. ಅಕ್ಕನ ಮನೆ ಎದುರು ದಂಡೆ, ಅಂದರೆ ಯಾದಗಿರಿ ಜಿಲ್ಲೆ. ರಸ್ತೆ ಹಿಡಿದರೆ ಹೂವಿನಹೆಡಗಿ ಸೇತುವೆ ಸುತ್ತಿ ಹೋಗಬೇಕು. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಅದೂ ಮುಳುಗುತ್ತದೆ. ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಹರಿಗೋಲೇ ಸಲೀಸು. ನಾನಿರುವುದು ರಾಯಚೂರಿನಲ್ಲಿ, ಫಿಟ್ಟರ್ ಕೆಲಸ. ಬೇರಿಂಗು, ಬುಷ್ಷು, ಬೋಲ್ಟುಗಳ ನಡುವೆಯೇ ತಲೆ ನರೆತವನು. ಹಾಗಾಗಿ ಒಂದು ಹುಟ್ಟನ್ನು ಸರಿಮಾಡಲು ಎರಡು ವರ್ಷ ಹಿಡಿಯಿತು ಎಂದು ಹೇಳಿಕೊಳ್ಳಲು ನಾಚಿಕೆ.

ಅಪ್ಪನ ಹುಟ್ಟು ಹಳೆಯ ಮಾದರಿಯದು: ಮರದ ಗಳ, ಅದರ ತುದಿಗೆ ಸಾಗುವಾನಿ ಹಲಗೆ, ಹಲಗೆಗೆ ಮೂರು ಮೊಳೆ. ಗಳವನ್ನು ಮೊಣಕಾಲಲ್ಲಿ ಹಿಡಿದು ಹಲಗೆ ತಿರುವಿದರೆ ಟಕ್ ಟಕ್ ಅನ್ನುತ್ತಿತ್ತು. ಆ ಸದ್ದು ಕೇಳಿಯೂ ನಾನು ಹೊರಟೆ. ನಡುಹೊಳೆಯಲ್ಲಿ, ಬಂಡೆಗಳ ಹತ್ತಿರ, ನಾನು ಹೊರಳಿಸಿದರೆ ಗಳ ಹೊರಳಿತು, ಹಲಗೆ ಹೊರಳಲಿಲ್ಲ. ಎರಡು ಸುತ್ತು ಬಂದೆವು. ಅಕ್ಕನ ಮಗ ಜೊತೆಗಿದ್ದ, ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಆಮೇಲಿನದು ನನ್ನ ಜಾಣತನದ ಕಥೆ. ಮೊದಲು ಹಳೇ ತೂತಿಗೇ ದಪ್ಪ ಮೊಳೆ ಹೊಡೆದೆ. ಮೂರೂ ತೂತು ಒಂದೇ ನೇರಕ್ಕೆ ಇದ್ದವು; ಮರದ ಎಳೆ ಹಿಡಿದುಕೊಂಡು ಹಲಗೆ ಗೇಣುದ್ದ ಸೀಳಿತು. ರಾಯಚೂರಿನ ತೀನ್ ಕಂದೀಲ್ ಹತ್ತಿರ ನೈಲಾನ್ ಹಗ್ಗ ತಂದು, ಕಾಲಿಂದ ಒತ್ತಿ ಹಿಡಿದು ಬಿಗಿದೆ. ಮನೆಯಂಗಳದಲ್ಲಿ ಕಲ್ಲಿನ ಹಾಗೆ ಕೂತಿತ್ತು. ನೀರಿಗಿಳಿದು ಅರ್ಧ ತಾಸಿಗೆ ಸಡಿಲಾಯಿತು. ಮೂರನೆಯ ಸಲ ತಂತಿ ಸುತ್ತಿ ಪಕ್ಕಡದಿಂದ ತಿರುವಿದೆ. ಅದು ಸಡಿಲಾಗಲಿಲ್ಲ ನಿಜ, ಆದರೆ ಒಂದು ಮಳೆಗಾಲದೊಳಗೆ ಗಳವನ್ನೇ ಕಚ್ಚಿ ತಿಂದು, ಸುತ್ತ ಉಂಗುರದ ಹಾಗೆ ಗಾಯ ಮಾಡಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಮಾನ್ವಿ ಕಡೆ ಸೋದರಮಾವನ ಊರಿಗೆ ಹೋಗಿದ್ದೆ. ವಿಜಯದಾಸರ ಚೀಕಲಪರ್ವಿಯಿಂದ ತುಸು ದೂರದ ಹೊಳೆದಂಡೆ. ಎಡದಂಡೆ ಕಾಲುವೆ ನೀರು ನಂಬಿ ಭತ್ತ ಹಚ್ಚಿದವರೆಲ್ಲ ಕಟ್ಟೆಮೇಲೆ ಕೂತು ಅದೇ ಮಾತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿಗೇ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್, ಇಳಿಸುತ್ತಿದ್ದ ಸುದ್ದಿ ಮೊಬೈಲಿನಲ್ಲಿ ಓಡುತ್ತಿತ್ತು. ಹೊಳೆ ತುಂಬಿ ಬರುತ್ತಿದ್ದರಿಂದ ಮಾವನ ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದಿತ್ತು. ಪುರುಸೊತ್ತಾಗಿದ್ದ ಮಾವನ ಮುಂದೆ ನಾನು ನನ್ನ ಹುಟ್ಟಿನ ಫೋಟೋ ತೋರಿಸಿದೆ.

ಅವರು ಫೋಟೋ ಬಹಳ ಹೊತ್ತು ನೋಡಲಿಲ್ಲ. "ಮೊಳಿ ಮ್ಯಾಲ ಯಾಕ ಭಾರ ಹಾಕಿದೀ ತಮ್ಮಾ? ಮೊಳಿ ಬರೇ ಕಾವಲುಗಾರ. ಹೊರಾಂವ ಬ್ಯಾರೆ ಅದಾನ" ಅಂದರು.

ತಮ್ಮ ಹುಟ್ಟು ತಂದು ಬಿಚ್ಚಿಯೇ ತೋರಿಸಿದರು. ಗಳದ ತುದಿಯನ್ನು ಬಾಚಿಯಿಂದ ಒಂದು ಮಗ್ಗುಲು ಚಪ್ಪಟೆ ಕೆತ್ತಿದ್ದರು. ಹಲಗೆ ಅದರ ಮೇಲೆ ಸಂದಿಲ್ಲದೆ ಕೂರುತ್ತಿತ್ತು. ನನ್ನ ಗಳ ದುಂಡಗಿತ್ತು. ದುಂಡು ಗಳದ ಮೇಲೆ ಚಪ್ಪಟೆ ಹಲಗೆ ಕೂತರೆ ಒಂದು ಗೆರೆಯಷ್ಟೇ ಆಸರೆ, ಉಳಿದ ಹೊಡೆತವೆಲ್ಲ ಮೊಳೆಗೆ. ಮೊಳೆ ಅಲ್ಲಾಡುತ್ತದೆ, ತೂತು ಎಳೆತದ ಕಡೆಗೆ ಉದ್ದುದ್ದ ಸವೆಯುತ್ತದೆ. ಅಪ್ಪನ ಕಾಲಕ್ಕೆ ಅದೂ ಚಪ್ಪಟೆ ಇದ್ದಿರಬೇಕು, ತಿಕ್ಕಿ ತಿಕ್ಕಿ ದುಂಡಾಗಿತ್ತೇನೋ. ಹಿಂದೊಮ್ಮೆ ಕಾರವಾರದ ಬೈತಖೋಲದಲ್ಲಿ ಮೀನುದೋಣಿಯ ಚುಕ್ಕಾಣಿ ಬಿಚ್ಚಿಟ್ಟಿದ್ದನ್ನು ನೋಡಿದ್ದೆ. ಅಲ್ಲಿಯೂ ಪಿನ್ನು ಸವೆದಿದ್ದಕ್ಕಿಂತ ಅದು ಕೂರುವ ಬಳೆ ಮೊಟ್ಟೆಯಾಕಾರ ಸವೆದಿತ್ತು. ಬರೀ ಪಿನ್ನು ಬದಲಿಸಿ ಏನು ಬಂತು ಎಂದು ಅಲ್ಲಿಯ ಮೇಸ್ತ್ರಿ ಬಳೆಯೊಳಗೆ ಹಿತ್ತಾಳೆ ಬುಷ್ ಕೂರಿಸುತ್ತಿದ್ದ. ಆಗ ತಲೆಯಾಡಿಸಿ ಬಂದಿದ್ದೆ. ಮನೆಯ ಹುಟ್ಟಿಗೆ ಅದೇ ರೋಗ ಎಂದು ಹೊಳೆದಿರಲಿಲ್ಲ.

ಹಗ್ಗದ ವಿಷಯ ಕೇಳಿದ್ದಕ್ಕೆ ಮಾವ ನಕ್ಕರು. ನೈಲಾನು ನೆನೆದರೆ ಹಿಗ್ಗುತ್ತದೆ. ಹಸಿ ಚರ್ಮದಿಂದ ಕಟ್ಟಿದರೆ ಒಣಗಿದಾಗ ಬಿಗಿ, ನೀರು ತಾಗಿದರೆ ಮತ್ತೆ ಮೆತ್ತಗೆ. ಅದು ಬಾರಿಸುವ ಹಲಿಗೆಗೆ ಸರಿ, ಹುಟ್ಟಿಗಲ್ಲ. ಪುಂಡಿ ನಾರಿನ ಹಗ್ಗ ಮಾತ್ರ ನೆನೆದಷ್ಟೂ ಉಬ್ಬಿ ಮೋಟಾಗುತ್ತದೆ. "ಒಣಾ ಹಗ್ಗದ್ಲೇ ಕಟ್ಟು. ಹೊರಡೂಕಿಂತ ಮೊದಲ ಹುಟ್ಟ ನೀರಾಗ ಅದ್ದಿಡು. ಬೀಡಿ ಸೇದೂದ್ರಾಗ ತಾನಾ ಬಿಗಿತದ." ಪಲ್ಯಕ್ಕೆ ಎಂದು ಹೊಲದ ಬದುವಿಗೆ ಹಾಕುವ ಪುಂಡಿಯ ನಾರನ್ನು ನಾನು ಬಡವರ ಹಗ್ಗ ಎಂದೇ ತಿಳಿದಿದ್ದೆ.

ಊರಿಗೆ ಬಂದು ಎರಡು ದಿನ ಕೂತೆ. ಗಳದ ಗಾಯವಾದ ತುದಿ ಕತ್ತರಿಸಿ ಹಾಕಿದೆ, ಗೇಣು ಮೋಟಾಯಿತು, ಅಡ್ಡಿಯಿಲ್ಲ. ಹೊಸ ತುದಿಯನ್ನು ಚಪ್ಪಟೆ ಕೆತ್ತಿ, ಮಸಿ ಹಚ್ಚಿ, ಹಲಗೆ ಒತ್ತಿ ತೆಗೆದೆ. ಮಸಿ ಎಲ್ಲಿ ಅಂಟಿತೋ ಅಲ್ಲಿ ಉಬ್ಬು, ಅದನ್ನಷ್ಟೇ ಕೆರೆದೆ. ಹನ್ನೆರಡೋ ಹದಿಮೂರೋ ಸಲ ಹೀಗೆ ಮಾಡಿದ ಮೇಲೆ ಮಸಿ ಹಲಗೆಯ ತುಂಬ ಹತ್ತಿತು. ವರ್ಕ್‌ಶಾಪಿನಲ್ಲಿ ಬೇರಿಂಗಿಗೆ ನಾವು ನೀಲಿ ಹಚ್ಚಿ ಮಾಡುವ ಕೆಲಸವೇ ಇದು. ಮೂವತ್ತು ವರ್ಷ ಮಾಡಿದ ಕೆಲಸ ನೀರಿನ ಹತ್ತಿರ ಬಂದಾಗ ಮರೆತಿದ್ದೆ, ಅಷ್ಟೇ.

ಹಳೇ ತೂತುಗಳಿಗೆ ಜಾಲಿ ಕಟ್ಟಿಗೆಯ ಬೆಣೆ. ಒಲೆಯ ಮೇಲಿನ ಅಟ್ಟದಲ್ಲಿ ವಾರವಿಟ್ಟು ಒಣಗಿಸಿ ಬಡಿದೆ, ನೀರಿಗಿಳಿದಾಗ ಉಬ್ಬಿ ಕಚ್ಚಲಿ ಎಂದು. ಸೀಳಿಗೆ ಹಿಂದಿನಿಂದ ಅಡ್ಡಪಟ್ಟಿ. ಹೊಸ ತೂತು ಎರಡೇ, ಒಂದು ಮೇಲೆ ಎಡಕ್ಕೆ, ಒಂದು ಕೆಳಗೆ ಬಲಕ್ಕೆ; ಒಂದೇ ಎಳೆಯ ಮೇಲೆ ಬೀಳಬಾರದು. ಮೊಳೆ ಬಿಟ್ಟು ಬೋಲ್ಟ್ ಹಾಕಿದೆ, ಅಗಲ ವಾಷರ್ ಕೊಟ್ಟೆ. ಅದರ ಮೇಲೆ ಪುಂಡಿ ಹಗ್ಗ, ಎಂಟೆಂಟು ಸುತ್ತು, ಎರಡು ಕಡೆ.

ಮೊಣಕಾಲಲ್ಲಿ ಹಿಡಿದು ತಿರುವಿದೆ. ಸದ್ದಿಲ್ಲ.

ಈ ಯುಗಾದಿಗೆ ಬಿಚ್ಚಿ ನೋಡಿದೆ. ಹಗ್ಗ ಕಪ್ಪಾಗಿ ಬೆರಳಿಗೇ ಪುಡಿಯಾಯಿತು. ಅದರ ಆಯುಷ್ಯ ಅಷ್ಟೇ, ವರ್ಷಕ್ಕೊಮ್ಮೆ ಬದಲಿಸಬೇಕು. ಬೆಣೆಗಳು ಮಾತ್ರ ಹಲಗೆಯೊಳಗೆ ಸೇರಿಹೋಗಿ, ಎಲ್ಲಿವೆ ಎಂದು ಉಗುರಿಂದ ಹುಡುಕಬೇಕಾಯಿತು. ಹೊಸ ಹಗ್ಗ ಹೊಸೆಯುತ್ತ ಕೂತಿದ್ದಾಗ ಅಕ್ಕನ ಮಗ ರಾಯಚೂರಿಂದ ಹಳದಿ ನೈಲಾನ್ ಹಗ್ಗದ ಸುರುಳಿ ತಂದಿಟ್ಟ. "ಇದರ್ಲೇ ಕಟ್ಟಿಬಿಡ್ರಿ ಮಾಮಾ, ಹತ್ತು ವರ್ಷ ಕೇಳಂಗಿಲ್ಲ." ತೆಗೆದಿಟ್ಟುಕೊಂಡೆ. ಹರಿಗೋಲನ್ನು ದಂಡೆಯ ಗೂಟಕ್ಕೆ ಕಟ್ಟಲು ಬೇಕಾಗಿತ್ತು.