ಕೂದಲ ಮಾತ್ರೆ ನುಂಗುವ ಮುನ್ನ

ಗೆಳೆಯ ಹೇಳಿದನೆಂದು ಫಿನಾಸ್ಟರೈಡ್ ಶುರು ಮಾಡಬೇಡಿ. 1 ಮಿಲಿಗ್ರಾಂನ ಈ ಪುಟ್ಟ ಮಾತ್ರೆ ಟೆಸ್ಟೋಸ್ಟೆರಾನ್, ಕೂದಲು ಉದುರಿಸುವ ಡಿಎಚ್‌ಟಿ ಹಾರ್ಮೋನ್ ಆಗುವುದನ್ನು ತಡೆಯುತ್ತದೆ. ಹೆಚ್ಚಿನವರಿಗೆ ಏನೂ ಆಗದು. ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತದೆ, ನಿಮಿರುವಿಕೆಗೆ ತೊಂದರೆಯಾಗುತ್ತದೆ, ಮನಸ್ಸು ಮಂಕಾಗುತ್ತದೆ. ನಾಚಿಕೊಂಡು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಬಿಟ್ಟ ಮೇಲೂ ಕೆಲವರಲ್ಲಿ ಉಳಿದದ್ದುಂಟು. ಸಾಯುವ ಯೋಚನೆ ಸುಳಿದರಂತೂ ಅಂದೇ ನಿಲ್ಲಿಸಿ, ಡಾಕ್ಟರನ್ನು ಕಾಣಿ.

ಕೂದಲಿನ ಇನ್ನೊಂದು ಔಷಧಿ ಮಿನಾಕ್ಸಿಡಿಲ್ ಅನ್ನು ತಲೆಗೆ ಹಚ್ಚುವವರಿಗೆ ಮೊದಲ ವಾರಗಳಲ್ಲಿ ಬಾಚಣಿಗೆ ತುಂಬ ಕೂದಲು ಬಂದೀತು. ಗಾಬರಿ ಬೇಡ, ಹಳೆಯದು ಹೊಸದಕ್ಕೆ ಜಾಗ ಬಿಡುತ್ತಿದೆ. ಆದರೆ ಎದೆ ಡವಗುಟ್ಟಿದರೆ ನಿಲ್ಲಿಸಿ.

ಇನ್ನೊಂದು, ಬಹಳ ಮಂದಿ ಮರೆಯುವುದು: ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆಗೆ ಹೋದಾಗ ಫಿನಾಸ್ಟರೈಡ್ ಹೆಸರು ಹೇಳಲೇಬೇಕು, ಅದು ಆ ಅಂಕಿಯನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಒಡೆದ ಮಾತ್ರೆ ಅವರ ಕೈಗೆ ತಾಗದಿರಲಿ.