ಅವಳಿ ನಗರದ ಬೆಳವಣಿಗೆ: ಮುನವಳ್ಳಿಯಿಂದ ಒಂದು ನೋಟ

ಊರು ಬೆಳೆಯಿತು ಅಂದಾಗ ಕಣ್ಣಿಗೆ ಮೊದಲು ಬೀಳುವುದು ಅಗಲ ರಸ್ತೆ, ಎತ್ತರದ ಕಟ್ಟಡ. ಅರ್ಥಶಾಸ್ತ್ರದ ಲೆಕ್ಕ ಬೇರೆ. ಅಲ್ಲಿಯ ಜನ ವರ್ಷಕ್ಕೆ ಎಷ್ಟು ಗಳಿಸುತ್ತಾರೆ, ಅದರಲ್ಲಿ ಎಷ್ಟು ಅಲ್ಲೇ ಉಳಿದು ಮತ್ತೆ ಕೆಲಸ ಹುಟ್ಟಿಸುತ್ತದೆ ಎಂಬುದನ್ನು ಅದು ಕೇಳುತ್ತದೆ. ಸವದತ್ತಿ ತಾಲೂಕಿನ ನಮ್ಮ ಮುನವಳ್ಳಿಯವರಿಗೆ ಪರಿಚಿತವಾದ ಹುಬ್ಬಳ್ಳಿ-ಧಾರವಾಡ ಅವಳಿ ನಗರವನ್ನೇ ಈ ಲೆಕ್ಕಕ್ಕೆ ತೆಗೆದುಕೊಳ್ಳೋಣ. 1962ರಲ್ಲಿ ಎರಡೂ ಊರು ಸೇರಿ ಒಂದು ಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 9.43 ಲಕ್ಷ ಜನ.

ಈ ನಗರದ ಬೆಳವಣಿಗೆಗೆ ಮೊದಲ ತೊಡಕು ನೀರು. ಅವಳಿ ನಗರದ ನಲ್ಲಿಗೆ ಬರುವ ನೀರಿನ ಬಹುಪಾಲು ನಮ್ಮ ಪಕ್ಕದ ನವಿಲುತೀರ್ಥದ್ದು. 1972ರ ಹೊತ್ತಿಗೆ ಕಟ್ಟಿದ ಈ ಮಲಪ್ರಭಾ ಅಣೆಕಟ್ಟಿನಲ್ಲಿ ಸುಮಾರು 37.7 ಟಿಎಂಸಿ ನೀರು ಹಿಡಿಯುತ್ತದೆ. ಆದರೆ ಅದು ಪ್ರತಿ ವರ್ಷ ತುಂಬುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕಾಲುವೆಯ ರೈತರೂ ನಗರದವರೂ ಒಂದೇ ನೀರಿಗೆ ಕಾಯಬೇಕು. ಮಹದಾಯಿ ಕಣಿವೆಯ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು 2018ರಲ್ಲಿ ಮಹದಾಯಿ ನ್ಯಾಯಮಂಡಳಿ 3.9 ಟಿಎಂಸಿ ಕೊಟ್ಟಿತು. ತೀರ್ಪು ಬಂದು ಇಷ್ಟು ವರ್ಷವಾದರೂ ಆ ನೀರು ಬಂದಿಲ್ಲ. ನೀರಿನ ಭರವಸೆ ಇಲ್ಲದ ಕಡೆ ದೊಡ್ಡ ಕಾರ್ಖಾನೆ ಹಾಕಲು ಯಾರೂ ಎರಡು ಸಲ ಯೋಚಿಸದೆ ಬರುವುದಿಲ್ಲ.

ಎರಡನೆಯದು ಕೆಲಸ. ಇದಕ್ಕೆ ಸವದತ್ತಿ, ಬೈಲಹೊಂಗಲದ ಎರೆಹೊಲದ ಹತ್ತಿಯನ್ನು ಹಿಂಬಾಲಿಸಿ ನೋಡಿ. ಒಂದು ಕ್ವಿಂಟಲ್ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ ಹೋದರೆ ಸುಮಾರು 34 ಕೆಜಿ ಅರಳೆ ಬರುತ್ತದೆ, ಉಳಿದದ್ದು ಹೆಚ್ಚಾಗಿ ಹತ್ತಿಕಾಳು. ಕಾಳಿನಿಂದ ಎಣ್ಣೆ, ದನಕ್ಕೆ ಹಿಂಡಿ. ಅರಳೆ 170 ಕೆಜಿಯ ಬೇಲ್ ಆಗಿ ಲಾರಿ ಹತ್ತುತ್ತದೆ. ಅಲ್ಲಿಂದ ಮುಂದೆ ನೂಲು, ಬಟ್ಟೆ, ಅಂಗಿ ಎಂದು ಹಂತಹಂತಕ್ಕೆ ಬೆಲೆ ಏರುತ್ತದೆ, ಒಂದೊಂದು ಹಂತದಲ್ಲೂ ಒಂದಿಷ್ಟು ಮಂದಿಗೆ ಸಂಬಳ ಸಿಗುತ್ತದೆ. ಒಂದು ಕಾಲಕ್ಕೆ ಹುಬ್ಬಳ್ಳಿಯ ಗಿರಣಿಗಳಲ್ಲೇ ನೂಲು ತೆಗೆಯುತ್ತಿದ್ದರು. ಗಿರಣಿ ಮುಚ್ಚಿದ ಮೇಲೆ ಆ ಸಂಬಳ ಬೇರೆ ಊರಿನ ಪಾಲಾಯಿತು. ರೈಲ್ವೆ, ವ್ಯಾಪಾರ, ಕಾಲೇಜುಗಳು ನಗರವನ್ನು ಹಿಡಿದು ನಿಲ್ಲಿಸಿವೆ ನಿಜ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದೂ ಹುಬ್ಬಳ್ಳಿಯಲ್ಲೇ. ಆದರೂ ಇಲ್ಲಿ ಓದಿದ ಹುಡುಗರು ಕೆಲಸಕ್ಕೆ ಬೆಂಗಳೂರು, ಪುಣೆಯ ಬಸ್ಸು ಹತ್ತುತ್ತಾರೆ.

ಮೂರನೆಯದು ಸಾರಿಗೆ. ಅವಳಿ ನಗರದ ನಡುವೆ 22 ಕಿ.ಮೀ. ಉದ್ದಕ್ಕೆ ಚಿಗರಿ ಎಂಬ ತ್ವರಿತ ಸಾರಿಗೆ ಬಸ್ಸುಗಳು ಓಡುತ್ತವೆ. ಸವದತ್ತಿ, ಮುನವಳ್ಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಲೋಕಾಪುರ, ರಾಮದುರ್ಗ, ಸವದತ್ತಿ ಮಾರ್ಗವಾಗಿ ಧಾರವಾಡಕ್ಕೆ ಹಳಿ ಹಾಕಿ ಎಂಬುದು ಹಳೆಯ ಬೇಡಿಕೆ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ನೇರ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದರೂ ಜಮೀನಿನ ತಕರಾರು ಅದನ್ನು ಎಳೆದಾಡಿಸಿತು.

ಈ ತೊಡಕುಗಳ ನಡುವೆಯೇ 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಆಡಳಿತ ಜನರಿಗೆ ಹತ್ತಿರವಾಗಬಹುದು. ಆದರೆ ಪಾಲಿಕೆ ಎರಡಾದ ಮಾತ್ರಕ್ಕೆ ಜಲಾಶಯ ತುಂಬುವುದಿಲ್ಲ, ಗಿರಣಿಯೂ ತೆರೆಯುವುದಿಲ್ಲ.

ಅವಳಿ ನಗರದ ನೀರು, ಹತ್ತಿ, ದುಡಿಯುವ ಕೈಗಳು ಬರುವುದು ಸುತ್ತಲಿನ ಮುನವಳ್ಳಿಯಂಥ ಊರುಗಳಿಂದ. ಆದ್ದರಿಂದ ಇನ್ನು ಮುಂದೆ ನಗರಾಭಿವೃದ್ಧಿಯ ಸುದ್ದಿ ಓದುವಾಗ ಮೂರು ಪ್ರಶ್ನೆ ಕೇಳಿ: ನೀರು ಎಲ್ಲಿಂದ, ಕೆಲಸ ಯಾರಿಗೆ, ಬೆಳೆದ ಮಾಲು ಪಕ್ಕಾ ಮಾಲಾಗುವುದು ಎಲ್ಲಿ? ಈ ಮೂರಕ್ಕೆ ಉತ್ತರವಿಲ್ಲದ ಯೋಜನೆಯನ್ನು ಬೆಳವಣಿಗೆ ಎಂದು ಒಪ್ಪಬೇಡಿ.